ಬಂಗಾರಿ ಹಲ್ಲಿಯ ಮಲಬದ್ಧತೆ

ನಿವೃತ್ತಿಯಾದ ಮೇಲೆ ನನಗೆ ಸಿಕ್ಕ ದೊಡ್ಡ ಸುಖವೆಂದರೆ ರಸ್ತೆಯಲ್ಲಿ ಬಿದ್ದ ಸಗಣಿಯನ್ನು ದಾಟಿ ಸುಮ್ಮನೆ ಮುಂದೆ ಹೋಗುವುದು. ಮೂವತ್ತು ವರ್ಷ ಹಾಗೆ ಹೋಗಲು ನನ್ನಿಂದ ಆಗಲಿಲ್ಲ. ಆಂಧ್ರದ ಗಡಿಯ ಕಲ್ಯಾಣದುರ್ಗದಲ್ಲಿ ಶುರುವಾಗಿ ಹಿಂದೂಪುರದಲ್ಲಿ ಮುಗಿದ ನನ್ನ ಪಶುವೈದ್ಯ ಕೆಲಸದಲ್ಲಿ, ಎಲ್ಲಿ ಸಗಣಿ ಕಂಡರೂ ನಿಂತು, ಬಗ್ಗಿ, ಗಟ್ಟಿಯೋ ತೆಳುವೋ, ಹುಳ ಇದೆಯೋ ಇಲ್ಲವೋ ಎಂದು ನೋಡಿಯೇ ಹೋಗುತ್ತಿದ್ದೆ. ಮದುವೆಯಾದ ಹೊಸತರಲ್ಲೇ ನನ್ನ ಹೆಂಡತಿ ನನ್ನ ಜೊತೆ ಸಂಜೆ ತಿರುಗಾಡಲು ಬರುವುದನ್ನು ನಿಲ್ಲಿಸಿದ್ದು ಇದೇ ಕಾರಣಕ್ಕೆ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, ‘ಸಾರ್, ನಿಮ್ಮ ಅನುಭವ ಹೇಳಿ’ ಅನ್ನುತ್ತಾರೆ. ಬಡ್ತಿ ಯಾವಾಗ ಬಂತು, ಅದನ್ನು ಯಾರು ತಡೆದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದು ಕೇಳುವವರಿಗಿರಲಿ, ಹೇಳುವ ನನಗೇ ಬೇಜಾರು. ನಾನು ಮಾಡಿದ ತಪ್ಪುಗಳನ್ನು ಮಾತ್ರ ಹೇಳುತ್ತೇನೆ. ಅವುಗಳಿಗೆ ಕೊರತೆಯಿಲ್ಲ.

ಕಲ್ಯಾಣದುರ್ಗದಲ್ಲಿ ನನ್ನ ಮೊದಲ ಮೇಲಧಿಕಾರಿ ಕುಳ್ಳಗಿನ, ಸಿಡುಕಿನ ಮನುಷ್ಯ. ಮೊದಲ ದಿನ ನಾನು ಹೊಸ ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡು ಠೀವಿಯಿಂದ ನಿಂತಿದ್ದೆ. ಮೇವು ಬಿಟ್ಟಿದ್ದ ಒಂದು ಟಗರನ್ನು ಹಿಡಿದುಕೊಂಡು ಬಂದರು. ನಾನು ಅದರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿ ಕೇಳಿಸಿಕೊಳ್ಳತೊಡಗಿದೆ.

“ಏನಯ್ಯಾ, ಹಾಡು ಹೇಳ್ತಾ ಐತಾ ಅದು?” ಅಂದರು ನಮ್ಮ ಸಾಹೇಬರು. “ಮೊದ್ಲು ಹಿಂದ್ಗಡೆ ಹೋಗು. ಹಿಂದ್ಗಡೆಯಿಂದ ಬರೋದು ಯಾವತ್ತೂ ಸುಳ್ಳು ಹೇಳಲ್ಲ.”

ಹಿಂದಕ್ಕೆ ಹೋದೆ. ಟಗರು ತಿರುಗಿತು. ಓಡಲೆಂದು ನಾನೂ ತಿರುಗಿದೆ. ಆಮೇಲೆ ಮೂರು ದಿನ ನಾನು ನಿಂತುಕೊಂಡೇ ಊಟ ಮಾಡಿದೆ.

ಬೆಳುಗುಪ್ಪದಲ್ಲಿ ಜಂತುಹುಳದ ಔಷಧಿ ಕುಡಿಸುವ ಕ್ಯಾಂಪ್ ನಡೆದಾಗ ಇನ್ನೊಂದು ಪ್ರಸಂಗ. ನಾನು ರಿಜಿಸ್ಟರನ್ನು ಸ್ಟೂಲಿನ ಮೇಲಿಟ್ಟು ನೀರು ಕುಡಿಯಲು ಹೋಗಿದ್ದೆ. ಬರುವಷ್ಟರಲ್ಲಿ ಒಂದು ಮೇಕೆ ಅದರ ಅರ್ಧವನ್ನು ಮೇಯ್ದಿತ್ತು. ಸಾಹೇಬರು ಬಂದು, “ಈ ಮೇಕೆ ವಿವರ ಎಲ್ಲಯ್ಯಾ?” ಅಂದರು. “ಮೇಕೆ ಹೊಟ್ಟೇಲಿದೆ ಸಾರ್” ಅಂದೆ. ಅವರು ಬೈಯಲಿಲ್ಲ. “ಹಂಗಾದ್ರೆ ಹಿಂದ್ಗಡೆ ಕೂತ್ಕೋ, ಬತ್ತದೆ” ಅಂದು ಜೀಪು ಹತ್ತಿದರು. ನಿಜವಾಗಿ ಕೂರಬೇಕೋ, ತಮಾಷೆಗೆ ಹೇಳಿದರೋ ತಿಳಿಯದೆ ನಾನು ಸಾಯಂಕಾಲದವರೆಗೂ ಅಲ್ಲೇ ಕೂತಿದ್ದೆ. ಮೇಕೆಯ ಯಜಮಾನ ಕನಿಕರಪಟ್ಟು ಒಂದು ಹಿಡಿ ಹುರಿದ ಕಡಲೆಕಾಯಿ ಕೊಟ್ಟು ಹೋದ.

ಆ ಕಾಲದ ಕೆಲಸವೆಲ್ಲ ಕೈ, ಮೂಗು ಮತ್ತು ಬಿದಿರಿನ ಗೊಟ್ಟದ ಮೇಲೆ ನಡೆಯುತ್ತಿತ್ತು. ಗೊಟ್ಟದಲ್ಲಿ ಔಷಧಿ ತುಂಬಿ ದನದ ಬಾಯಿಗೆ ಹುಯ್ದರೆ ಅರ್ಧ ಅದರ ಹೊಟ್ಟೆಗೆ, ಅರ್ಧ ನನ್ನ ಅಂಗಿಗೆ. ಹಿಂದೂಪುರಕ್ಕೆ ಬಂದು ಕೂರುವ ಹೊತ್ತಿಗೆ ಕಾಲ ಬದಲಾಗಿತ್ತು. ಎಮ್ಮೆಗಳ ಜೊತೆಗೆ ಸ್ವೆಟರ್ ಹಾಕಿಕೊಂಡ ನಾಯಿಗಳು ಬರತೊಡಗಿದವು. ಜನ ಮನೆಯಿಂದಲೇ ಬೆಳಿಗ್ಗೆ ಇಡ್ಲಿ ತಿನ್ನುವ ವೇಳೆಗೆ ಸರಿಯಾಗಿ ಹಸುವಿನ ಭೇದಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ನಾನು ಒಂದು ಕೈಯಲ್ಲಿ ಇಡ್ಲಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಔಷಧಿಯ ಹೆಸರು ಹೇಳುತ್ತಿದ್ದೆ. ಯಾವ ಪ್ರಾಣಿ ಬಂದರೂ ಅಂಜುವುದಿಲ್ಲ ಎಂಬ ಜಂಬವಿತ್ತು. ಒಂದೇ ಒಂದು ಗುಟ್ಟನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಹಲ್ಲಿ ಕಂಡರೆ ನನಗೆ ಕೈಕಾಲು ಬಿದ್ದುಹೋಗುತ್ತವೆ.

ನಿವೃತ್ತಿಗೆ ಒಂದು ವರ್ಷ ಇದ್ದಾಗ ಅಂಜಿನಪ್ಪ ಬಂದ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸದವನು. ಗಿರಿಜಾ ಮೀಸೆ, ಬಾಗಿಲು ತುಂಬುವ ಮೈಕಟ್ಟು. ಆ ಆಳು ಒಂದು ಚಪ್ಪಲಿ ಡಬ್ಬಿಯನ್ನು ಎದೆಗೆ ಅವಚಿಕೊಂಡು ಹಸುಗೂಸಿನ ಹಾಗೆ ತಂದು ನನ್ನ ಮೇಜಿನ ಮೇಲಿಟ್ಟ.

“ಸಾರ್, ಹದಿನೆಂಟು ದಿನ ಆಯ್ತು. ಏನೂ ತಿಂತಾ ಇಲ್ಲ ಸಾರ್. ಬಾಲ ನೋಡಿ, ಹೆಂಗ್ ಸೊರಗ್ಬುಟ್ಟೈತೆ.”

ಕೋಳಿಮರಿ ಇರಬೇಕೆಂದು ಮುಚ್ಚಳ ತೆಗೆದೆ. ತೆಗೆದವನು ಕುರ್ಚಿ ಸಮೇತ ಗೋಡೆಯವರೆಗೆ ಹಿಂದಕ್ಕೆ ಹೋದೆ. ಒಳಗೆ ಗೇಣುದ್ದದ ಒಂದು ಹಲ್ಲಿ. ಚಿನ್ನದ ಬಣ್ಣ, ಮೈತುಂಬ ಕಪ್ಪು ಚುಕ್ಕೆ. ಅದು ನನ್ನನ್ನು ನೋಡಿ ನಿಧಾನವಾಗಿ ಕಣ್ಣು ಮಿಟುಕಿಸಿತು. ಗೋಡೆಯ ಹಲ್ಲಿಗಳಿಗೆ ರೆಪ್ಪೆಯಿಲ್ಲ, ಅವು ಕಣ್ಣು ಮಿಟುಕಿಸುವುದಿಲ್ಲ. ಇದು ಮಿಟುಕಿಸಿದ್ದು ನೋಡಿ ನನ್ನ ಅರ್ಧ ಜೀವ ಹೋಯಿತು.

“ಚಿರತೆ ಹಲ್ಲಿ ಸಾರ್. ಬಂಗಾರಿ ಅಂತ ಹೆಸ್ರು. ಆನ್‌ಲೈನ್‌ನಾಗೆ ಇದ್ರ ನೋಂದಣಿ ಕಾಗದಾನೂ ಮಾಡ್ಸಿದೀನಿ” ಅಂದ ಅಂಜಿನಪ್ಪ. ಅವನ ಸ್ನೇಹಿತನೊಬ್ಬ ಬೆಂಗಳೂರಿನಲ್ಲಿ ಇದನ್ನು ಸಾಕಿದ್ದನಂತೆ. ಮದುವೆ ಗೊತ್ತಾದಾಗ ಹುಡುಗಿ, ‘ಮನೆಯಲ್ಲಿ ಹಲ್ಲಿ ಇರಬೇಕೋ ನಾನಿರಬೇಕೋ’ ಅಂದಳಂತೆ. ಆತ ಎರಡು ದಿನ ಯೋಚನೆ ಮಾಡಿ, ಹೆದ್ದಾರಿಯಲ್ಲಿರುವ ಕೊಡಿಕೊಂಡ ಊರಿನ ಡಾಬಾಕ್ಕೆ ಬಂದು, ಕಣ್ಣೀರು ಹಾಕಿ ಅಂಜಿನಪ್ಪನ ಕೈಗೆ ಒಪ್ಪಿಸಿ ಹೋಗಿದ್ದ.

ನಾನು ಪೆನ್ನಿನ ತುದಿಯಿಂದ ಬಂಗಾರಿಯ ಪಕ್ಕೆಯನ್ನು ಮುಟ್ಟಿದೆ. ಹೊಟ್ಟೆ ಎರಡೂ ಕಡೆ ಉಬ್ಬಿ ಗಟ್ಟಿಯಾಗಿತ್ತು. ತಿರುಗಿಸಿ ಹಿಂಭಾಗ ನೋಡಬೇಕಿತ್ತು. ‘ಹೊರಕ್ಕೆ ಹೋಗಿ ಎಷ್ಟು ದಿನವಾಯಿತು’ ಎಂದು ಕೇಳಬೇಕಿತ್ತು. ಕಲ್ಯಾಣದುರ್ಗದಲ್ಲಿ ಕಲಿತ ಮೊದಲ ಪಾಠವೇ ಅದು. ಆದರೆ ತಿರುಗಿಸಬೇಕೆಂದರೆ ಮುಟ್ಟಬೇಕು. ನಾನು ಗಂಟಲು ಸರಿಮಾಡಿಕೊಂಡು, ಪುಸ್ತಕ ಓದಿದವನ ಗತ್ತಿನಲ್ಲಿ ಹೇಳಿದೆ: “ಭಯ ಪಡೋದೇನೂ ಇಲ್ಲ. ಹೊಟ್ಟೆಯಲ್ಲಿ ಮೊಟ್ಟೆ ಇರಬಹುದು. ಮೊಟ್ಟೆ ಇಡೋ ಮುಂಚೆ ಊಟ ಬಿಡ್ತವೆ.”

ಅಂಜಿನಪ್ಪನ ಮುಖ ಅರಳಿತು. “ಬಸುರಿನಾ ಸಾರ್?”

“ಹೆಚ್ಚು ಕಡಿಮೆ” ಅಂದೆ. ನನ್ನ ಸರ್ವಿಸಿನಲ್ಲಿ ಇಷ್ಟು ಬೇಜವಾಬ್ದಾರಿಯ ಮಾತನ್ನು ಮತ್ತೊಂದು ಆಡಿಲ್ಲ.

ನಾಲ್ಕು ದಿನ ಕಳೆದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಅವನ ಮನೆ ದಾರಿಯಲ್ಲೇ ಇತ್ತು, ನೋಡಿ ಬರೋಣವೆಂದು ಹೋದೆ. ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿತ್ತು. ಒಳಗೆ ಬೀದಿಯ ಹೆಂಗಸರೆಲ್ಲ ಸೇರಿದ್ದರು. ನಡುವೆ ಒಂದು ಗಾಜಿನ ಪೆಟ್ಟಿಗೆ, ಅದಕ್ಕೆ ಮಲ್ಲಿಗೆ ಹಾರ. ಪೆಟ್ಟಿಗೆಯೊಳಗೆ ದಪ್ಪನಾಗಿ ಹರಡಿದ ಮರಳಿನ ಮೇಲೆ, ಎರಡು ಹಸಿರು ಗಾಜಿನ ಬಳೆಗಳ ನಡುವೆ ಬಂಗಾರಿ ಕೂತಿತ್ತು. ಹಣೆಗೆ ಅರಿಶಿನ. ಅಂಜಿನಪ್ಪನ ತಾಯಿ ಗಂಗಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ಹಲ್ಲಿಗೆ ಸೀಮಂತ ನಡೆಯುತ್ತಿತ್ತು.

“ಬಾರಪ್ಪಾ ಡಾಕ್ಟ್ರೇ, ಸರಿಯಾದ ಟೈಮಿಗೆ ಬಂದೆ. ನೀನು ಬಾಯ್ತುಂಬ ಹೇಳಿದ್ದಕ್ಕೇ ಇಷ್ಟು ಮಾಡಿದ್ದು. ಅಕ್ಷತೆ ಹಾಕು” ಅಂದರು.

ನಾನು ಅಕ್ಷತೆ ಹಾಕಿದೆ. ಇನ್ನೇನು ಮಾಡಲಿ?

ಜನ ಕರಗಿದ ಮೇಲೆ ಆ ಮನೆಯ ವಿಚಿತ್ರವೊಂದು ನನ್ನ ಕಣ್ಣಿಗೆ ಬಿತ್ತು. ತಾಯಿ ಮಗ ಎದುರೆದುರೇ ಇದ್ದಾರೆ, ಆದರೆ ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲ. ಗಂಗಮ್ಮ ಪೆಟ್ಟಿಗೆಯ ಕಡೆ ಬಗ್ಗಿ, “ಬಂಗಾರೀ, ಮುದ್ದೆ ಆರ್ತಾ ಐತೆ, ತಿನ್ನೋರು ಬಂದು ತಿನ್ಬೇಕಂತೆ ಅಂತ ಹೇಳು” ಅಂದರು. ಅಂಜಿನಪ್ಪನೂ ಪೆಟ್ಟಿಗೆಯ ಕಡೆಗೇ ತಿರುಗಿ, “ಬಂಗಾರೀ, ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು ಅಂತ ಹೇಳು” ಅಂದ. “ಬಂಗಾರೀ, ಉಪ್ಪು ಜಾಸ್ತಿಯಾದೋರು ನೀರು ಕುಡೀಬೋದಂತೆ ಅಂತ ಹೇಳು.” ಬಂಗಾರಿ ಇಬ್ಬರ ಮಾತಿಗೂ ಕಣ್ಣು ಮಿಟುಕಿಸಿತು. ಮಾತು ತಲುಪಿತು ಎಂದು ಇಬ್ಬರೂ ತಂತಮ್ಮ ಕೆಲಸಕ್ಕೆ ಹೋದರು.

ಅಂಜಿನಪ್ಪ ಊಟಕ್ಕೆ ಒಳಗೆ ಹೋದಾಗ ಗಂಗಮ್ಮ ನನ್ನ ಪಕ್ಕದಲ್ಲಿ ಕೂತು ಕಾರಣ ಹೇಳಿದರು. ಮೂರು ವರ್ಷದ ಹಿಂದೆ ಅವರು ಬೀದಿಯವರ ಜೊತೆ ಕಂಚಿಗೆ ಹೋಗಿದ್ದರು. ಅಲ್ಲಿ ದೇವಸ್ಥಾನದಲ್ಲಿರುವ ಚಿನ್ನದ ಹಲ್ಲಿಯನ್ನು ಮುಟ್ಟಿ ಬಂದರೆ, ಮೈಮೇಲೆ ಹಲ್ಲಿ ಬಿದ್ದ ದೋಷ ತಟ್ಟುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಮುಟ್ಟಿ ಬಂದವರನ್ನು ಮುಟ್ಟಿದರೂ ಸಾಕು. ಪುಣ್ಯ ಕಟ್ಟಿಕೊಂಡು ವಾಪಸ್ಸು ಬಂದರೆ ಕೊಟ್ಟಿಗೆ ಖಾಲಿ. ಅವರು ಕರುವಿನಿಂದ ಸಾಕಿದ್ದ ಹಸುವನ್ನು ಮಗ ಹೇಳದೆ ಕೇಳದೆ ಮಾರಿ, ಆ ಜಾಗದಲ್ಲಿ ನೂಲು ತೆಗೆಯುವ ಯಂತ್ರ ಕೂರಿಸಿದ್ದ.

“ಹಸ ಹೋಗಿದ್ದಕ್ಕಲ್ಲಪ್ಪಾ. ಒಂದು ಮಾತು ಕೇಳಿದ್ರೆ ನಾನೇ ಹಗ್ಗ ಬಿಚ್ಚಿ ಕೊಡ್ತಿದ್ದೆ. ಕೇಳ್ಲಿಲ್ಲವಲ್ಲ. ಅವತ್ತಿಂದ ನಾನು ಅವ್ನ ಮಾತಾಡ್ಸಿಲ್ಲ. ಗೋಡೆಗೆ ಹೇಳ್ತಿದ್ದೆ. ಈ ಹಲ್ಲಿ ಬಂದ ಮೇಲೆ ಇದಕ್ಕೆ ಹೇಳ್ತೀನಿ. ಗೋಡೆಗಿಂತ ಇದು ವಾಸಿ, ಕಣ್ಣಾದ್ರೂ ಮಿಟುಕಿಸ್ತದೆ.”

ಮೂರು ವರ್ಷದ ಹಿಂದೆ ಒಬ್ಬ ಮೀಸೆಯವನು ಕಂದು ಹಸು ಹಿಡಿದು ಬಂದು ಮಾರಾಟಕ್ಕೆ ಆರೋಗ್ಯ ಪತ್ರ ಕೇಳಿದ್ದು, ನಾನು ಹಸುವಿನ ಹಲ್ಲು, ಕೆಚ್ಚಲು, ಸಗಣಿ ಎಲ್ಲ ನೋಡಿ, ಅದು ಯಾರದು ಎಂದು ಕೇಳದೆ ಸಹಿ ಹಾಕಿದ್ದು ನೆನಪಾಯಿತು. ಹೇಳಲು ಬಾಯಿ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

“ಇದು ಹೆರಿಗೆಯಾಗಿ ಚೆನ್ನಾಗಿರ್ಲಪ್ಪಾ” ಅಂದರು ಗಂಗಮ್ಮ. “ಇದಕ್ಕೇನಾದ್ರೂ ಆಗ್ಬುಟ್ರೆ ಈ ಮನೇನಾಗೆ ಮಾತೇ ನಿಂತೋಯ್ತದೆ. ಮತ್ತೆ ಗೋಡೆಗೆ ಹೇಳೋ ಶಕ್ತಿ ನಂಗಿಲ್ಲ.”

ಅಲ್ಲಿಗೆ ನನ್ನ ಭಯಕ್ಕಿಂತ ನನ್ನ ನಾಚಿಕೆ ದೊಡ್ಡದಾಯಿತು. ಊಟ ಮುಗಿಸಿ ಬಂದ ಅಂಜಿನಪ್ಪನಿಗೆ ಬಂಗಾರಿಯನ್ನು ಎತ್ತಿ ಹಿಡಿಯಲು ಹೇಳಿ, ಅದರ ಬಾಲದ ಬುಡದ ಫೋಟೋ ತೆಗೆದೆ. ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನೇ ನೋಡುವ ಒಬ್ಬ ಹುಡುಗಿ, ನನಗಿಂತ ಮೂವತ್ತು ವರ್ಷ ಚಿಕ್ಕ ಡಾಕ್ಟರು, ನನಗೆ ಪರಿಚಯವಿದ್ದಳು. ಅವಳಿಗೆ ಕಳಿಸಿದೆ. ಐದು ನಿಮಿಷದಲ್ಲಿ ಫೋನ್ ಬಂತು.

“ಸರ್, ಬಸುರಿ ಅಂತ ಹೇಳಿದ್ದು ಯಾರು?”

“ಯಾರೋ ಹೇಳಿದರಮ್ಮ” ಅಂದೆ.

“ಇದು ಗಂಡು ಸರ್. ಬಾಲದ ಬುಡದಲ್ಲಿ ಎರಡು ಉಬ್ಬು ಕಾಣ್ತಿದೆ ನೋಡಿ. ಕೆಳಗಡೆ ಏನು ಹಾಸಿದಾರೆ? ಮರಳಾ? ಹೊಟ್ಟೇಲಿರೋದು ಅದೇ ಇರಬೇಕು. ಮೋಷನ್ ಆಗಿ ಎಷ್ಟು ದಿನ ಆಯ್ತು?”

ಆಗ ಒಂದೊಂದಾಗಿ ಎಲ್ಲವೂ ಹೊರಬಂತು. ಮರುಭೂಮಿಯ ಪ್ರಾಣಿಯೆಂದು ಯಾರೋ ಹೇಳಿದ್ದಕ್ಕೆ ಅಂಜಿನಪ್ಪ ಪೆಟ್ಟಿಗೆಗೆ ಹೊಳೆಯ ಮರಳು ತುಂಬಿದ್ದ. ನೂಲು ತೆಗೆದ ಮೇಲೆ ಉಳಿಯುವ ಬೆಂದ ಹುಳವನ್ನು ಹಾಕಿದರೆ ಬಂಗಾರಿ ಮೂಸಿಯೂ ನೋಡುತ್ತಿರಲಿಲ್ಲ. ಅದಕ್ಕೆ ಅಲುಗಾಡುವ ಹುಳವೇ ಬೇಕು. ಆದ್ದರಿಂದ ಇವನು ಬೆಂದ ಹುಳಕ್ಕೆ ರೇಷ್ಮೆ ಎಳೆ ಕಟ್ಟಿ ಮರಳಿನ ಮೇಲೆ ಕುಣಿಸುತ್ತಿದ್ದ. ಅದು ಹಾರಿ ಬಾಯಿ ಹಾಕಿದಾಗಲೆಲ್ಲ ಹುಳದ ಜೊತೆ ಬಾಯಿತುಂಬ ಮರಳು. ತಾಯಿಯ ಪಾಲೂ ಕಡಿಮೆಯಿರಲಿಲ್ಲ. ಬಿಸಿಲಿಗೆ ಪಾಪ ಎಂದು ಪೆಟ್ಟಿಗೆಯ ಮುಂದೆ ಹಗಲೆಲ್ಲ ಕೂಲರ್ ಓಡಿಸಿದ್ದರು. ಮೈ ಬೆಚ್ಚಗಿಲ್ಲದಿದ್ದರೆ ಹಲ್ಲಿಗೆ ತಿಂದದ್ದು ಅರಗುವುದಿಲ್ಲ. ಸಾಲದ್ದಕ್ಕೆ, ಬಣ್ಣ ಚಿನ್ನದ್ದೇ ಆದ್ದರಿಂದ ಕಂಚಿಯ ಹಲ್ಲಿಯೇ ಮನೆಗೆ ಬಂದಿದೆಯೆಂದು ಬೀದಿಯಲ್ಲಿ ಸುದ್ದಿಯಾಗಿತ್ತು. ಮೈಮೇಲೆ ಹಲ್ಲಿ ಬಿದ್ದವರೆಲ್ಲ ಬಂದು ಅರಿಶಿನದ ಕೈಯಲ್ಲಿ ಬಂಗಾರಿಯನ್ನು ಮುಟ್ಟಿ ಹೋಗುತ್ತಿದ್ದರು. ಸೋಮಂದೇಪಲ್ಲಿಯಿಂದ ಆಟೋ ಮಾಡಿಕೊಂಡು ಬಂದವರೂ ಇದ್ದರಂತೆ. ಊರಿನ ದೋಷವೆಲ್ಲ ಮೈಗೆ ಬಳಿಸಿಕೊಂಡ ಪ್ರಾಣಿಗೆ ಹಸಿವು ಎಲ್ಲಿಂದ ಬರಬೇಕು?

ಇಬ್ಬರೂ ಪ್ರೀತಿಯಿಂದ ಮಾಡಿದ್ದೇ ಅದಕ್ಕೆ ಕಾಯಿಲೆಯಾಗಿತ್ತು. ಒಬ್ಬರಿಗೊಬ್ಬರು ಮಾತಾಡಿದ್ದರೆ ಬಹುಶಃ ಅರ್ಧ ತಪ್ಪುತ್ತಿತ್ತು.

“ಅಮ್ಮಾ, ತಪ್ಪು ನನ್ನದು. ಬಂಗಾರಿ ಗಂಡು. ಬಸುರಿಯಲ್ಲ, ಮಲಬದ್ಧತೆ” ಅಂದೆ.

ಗಂಗಮ್ಮ ನನ್ನನ್ನೊಮ್ಮೆ, ಬಳೆಗಳನ್ನೊಮ್ಮೆ ನೋಡಿದರು. “ಮೂವತ್ತು ವರ್ಷ ಡಾಕ್ಟ್ರಾಗಿ ಗಂಡು ಹೆಣ್ಣು ತಿಳೀಲಿಲ್ವೇನಪ್ಪಾ ನಿಂಗೆ?” ಅಂದರು. ಆಮೇಲೆ ತಾವೇ ಸಮಾಧಾನ ಹೇಳಿಕೊಂಡರು. “ಹೋಗ್ಲಿ ಬಿಡು. ಗಂಡಾದ್ರೇನಾಯ್ತು, ಎರಡು ಬಳೆ ತೊಟ್ರೆ ಸತ್ತೋಯ್ತದಾ? ಹೆಸ್ರೂ ಅದೇ ಇರ್ಲಿ.” ಹಾಗನ್ನುತ್ತ, “ಬಾಯಿಗೊಂದಿಷ್ಟು ಹರಳೆಣ್ಣೆ ಹುಯ್ತೀನಿ” ಎಂದು ಒಳಗಿನಿಂದ ಸೀಸೆ ತಂದರು. ಬೆಂಗಳೂರಿನ ಹುಡುಗಿ ಫೋನಿನಲ್ಲೇ ಕಿರುಚಿದಳು: “ಬಾಯಿಗೆ ಎಣ್ಣೆ ಹುಯ್ಯಬೇಡಿ! ಶ್ವಾಸಕೋಶಕ್ಕೆ ಹೋಗುತ್ತೆ!”

ಅವಳು ಹೇಳಿದ ಚಿಕಿತ್ಸೆ ಸರಳವಾಗಿತ್ತು. ಮರಳು ತೆಗೆದು ಪೇಪರ್ ಹಾಸುವುದು. ಕೂಲರ್ ಬಂದ್. ಪೆಟ್ಟಿಗೆಯ ಒಂದು ಮೂಲೆಯನ್ನು ಬೆಚ್ಚಗಿಡುವುದು, ಇನ್ನೊಂದು ಮೂಲೆಯಲ್ಲಿ ಅವಿತುಕೊಳ್ಳಲು ಒಡೆದ ಮಡಕೆಯ ಚೂರು. ಯಾರೂ ಮುಟ್ಟಕೂಡದು. ದಿನಕ್ಕೆರಡು ಸಲ ಹೊಟ್ಟೆ ಮುಳುಗುವಷ್ಟು ಉಗುರು ಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಕೂರಿಸಿ, ಬೆರಳ ತುದಿಯಿಂದ ಹೊಟ್ಟೆಯನ್ನು ಬಾಲದ ಕಡೆಗೆ ಹಗುರಾಗಿ ನೀವುವುದು. “ಮೂರು ದಿನ ನೋಡಿ ಸರ್. ಆಗಲಿಲ್ಲಾಂದ್ರೆ ಇಲ್ಲಿಗೆ ತನ್ನಿ, ಆಪರೇಷನ್ ಮಾಡಬೇಕಾಗುತ್ತೆ. ಇಷ್ಟು ಸೊರಗಿದೆ, ತಡ್ಕೊಳ್ಳುತ್ತೆ ಅಂತ ನಾನು ಹೇಳಲಾರೆ” ಅಂದಳು.

ನೀವುವ ಕೆಲಸ ನನ್ನ ಪಾಲಿಗೆ ಬಂತು. ಅಂಜಿನಪ್ಪನ ಬೆರಳುಗಳು ಬಿಸಿನೀರಿನಲ್ಲಿ ಗೂಡು ಹಿಡಿದು ಹಿಡಿದು ಒರಟಾಗಿದ್ದವು, ಗಂಗಮ್ಮನ ಕೈ ನಡುಗುತ್ತಿತ್ತು. ಮೊದಲ ದಿನ ಬಂಗಾರಿಯ ಹೊಟ್ಟೆಗೆ ಬೆರಳು ತಾಗಿಸಿದಾಗ ನಾನು ದೇವರ ಹೆಸರುಗಳನ್ನೆಲ್ಲ ತೆಲುಗಿನಲ್ಲೂ ಕನ್ನಡದಲ್ಲೂ ಹೇಳಿದೆ. ಅದರ ಚರ್ಮ ಮೆತ್ತಗಿತ್ತು, ಬಾಡಿದ ಹಾಗಲಕಾಯಿಯಂತೆ. ಎರಡನೇ ದಿನಕ್ಕೆ ದೇವರನ್ನು ಕರೆಯದೆಯೇ ನೀವತೊಡಗಿದೆ. ಮೂವತ್ತು ವರ್ಷದ ಭಯ ಹೀಗೆ ಒಂದು ಬೇಸಿನ್ನಿನಲ್ಲಿ ಹೋಗುತ್ತದೆಂದು ಗೊತ್ತಿದ್ದರೆ ಮುಂಚೆಯೇ ಮಾಡುತ್ತಿದ್ದೆ.

ನೀರಿನ ಬಿಸಿಯನ್ನು ಗಂಗಮ್ಮ ಕೂಸಿನ ಸ್ನಾನಕ್ಕೆ ನೋಡುವ ಹಾಗೆ ಮೊಣಕೈ ಅದ್ದಿ ನೋಡುತ್ತಿದ್ದರು. “ಬಂಗಾರೀ, ಇನ್ನೊಂದು ಚೊಂಬು ತಣ್ಣೀರು ತರ್ಬೇಕಂತೆ ಅಂತ ಹೇಳು.” ಅಂಜಿನಪ್ಪ ತರುತ್ತಿದ್ದ. “ಬಂಗಾರೀ, ತಂದಿದೀನಿ ಅಂತ ಹೇಳು.” ಬಂಗಾರಿ ನೀರಿನಲ್ಲಿ ಕೂತು ಎರಡೂ ಕಡೆಯ ಸಂದೇಶಗಳನ್ನು ಕೇಳುತ್ತಿತ್ತು. ಎರಡನೇ ದಿನ ಸಂಜೆ ಅದಕ್ಕೆ ಕಣ್ಣು ಮಿಟುಕಿಸುವ ಶಕ್ತಿಯೂ ಇರಲಿಲ್ಲ. ಗಂಗಮ್ಮ ಏನೋ ಹೇಳಲು ಬಗ್ಗಿದವರು ಹೇಳದೆ ಎದ್ದು ಅಡುಗೆಮನೆಗೆ ಹೋದರು. ಅಂಜಿನಪ್ಪ ಗೋಡೆಯ ಕಡೆ ಮುಖ ಮಾಡಿ ಮೀಸೆ ಒರೆಸಿಕೊಂಡ. ಆ ಮನೆಯಲ್ಲಿ ಅವತ್ತು ಮತ್ತೆ ಯಾರೂ ಮಾತಾಡಲಿಲ್ಲ. ಎಷ್ಟೋ ದೊಡ್ಡ ಎತ್ತುಗಳು ನನ್ನ ಕಣ್ಣ ಮುಂದೆ ಹೋಗಿವೆ. ಆದರೆ ಈ ಗೇಣುದ್ದದ ಜೀವ ಹೋಗಬಾರದು ಎಂದು ನಾನು ಬೇಡಿಕೊಂಡ ಹಾಗೆ ಯಾವ ಎತ್ತಿಗೂ ಬೇಡಿಕೊಂಡಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅಂಜಿನಪ್ಪ ಬೆಂಗಳೂರಿಗೆ ಹೊರಡಲು ಪ್ಯಾಂಟು ಹಾಕಿಕೊಂಡೇ ಕೂತಿದ್ದ. ‘ಕೊನೆಗೊಂದು ಸಲ ನೋಡೋಣ’ ಎಂದು ನಾನು ನೀರಿಗೆ ಬಿಟ್ಟೆ. ಗಂಗಮ್ಮ ಕನ್ನಡಕ ಹಾಕಿಕೊಂಡು ಬೇಸಿನ್ನಿನ ಮೇಲೆ ಬಗ್ಗಿದರು. ನಾನು ನೀವಿದೆ. ಹತ್ತು ನಿಮಿಷವಾಯಿತು. ಬಂಗಾರಿ ಬಾಲವನ್ನು ಸ್ವಲ್ಪ ಮೇಲೆತ್ತಿತು. ನಾನು ಇನ್ನೊಮ್ಮೆ ನೀವಿದೆ. ಬಾಲ ಇನ್ನೂ ಸ್ವಲ್ಪ ಎದ್ದಿತು. ಮೊದಲು ಒಂದು ಮರಳಿನ ಉಂಡೆ, ಅದರ ಹಿಂದೆ ಇನ್ನೊಂದು, ಆಮೇಲೆ ಕಪ್ಪಗೆ, ಬೆಳ್ಳಗೆ, ಧಾರಾಳವಾಗಿ.

“ಲೇ ಅಂಜಿನೀ!” ಗಂಗಮ್ಮ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. “ಹೇತ್ಬುಡ್ತು ಕಣ್ಲಾ! ಬಾರ್ಲಾ ನೋಡು ಬಾ, ಹೇತ್ಬುಡ್ತು!”

ಅಂಜಿನಪ್ಪ ಓಡಿ ಬಂದವನು ಬೇಸಿನ್ ನೋಡಲಿಲ್ಲ. ತಾಯಿಯ ಮುಖವನ್ನೇ ನೋಡುತ್ತ ನಿಂತ. ಗಂಗಮ್ಮನಿಗೆ ತಾವು ಏನು ಮಾಡಿದೆವೆಂದು ಆಗ ಹೊಳೆಯಿತು. ಬಾಯಿಗೆ ಸೆರಗು ಹಿಡಿದರು. ಮೂರು ವರ್ಷದ ಮೇಲೆ ಮಗನಿಗೆ ಆಡಿದ ಮೊದಲ ಮಾತು ಅದಾಗಿತ್ತು.

“ಎಷ್ಟ್ ಚೆನ್ನಾಗಿ ಹೇತೈತೆ ಅಲ್ವೇನಮ್ಮಾ” ಅಂದ ಅಂಜಿನಪ್ಪ.

ಬಂಗಾರಿಯ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಎರಡು ದಿನದ ಮೇಲೆ ಅದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಹರಿದಾಡುತ್ತಿದ್ದ ಜೀವಂತ ರೇಷ್ಮೆ ಹುಳ ಮೂರನ್ನು ಒಂದರ ಹಿಂದೊಂದು ತಿಂದಿತಂತೆ. ಬಾಲ ಮತ್ತೆ ದಪ್ಪಗಾಯಿತು. ದೋಷ ಕಳೆದುಕೊಳ್ಳಲು ಬಂದವರನ್ನು ಗಂಗಮ್ಮ ಬಾಗಿಲಲ್ಲೇ ತಡೆದು ತಮ್ಮನ್ನೇ ಮುಟ್ಟಿಸಿಕೊಂಡು ಕಳಿಸುತ್ತಾರೆ.

ಇನ್ನು ಆ ಮೂರನೇ ದಿನದ ಬೆಳಿಗ್ಗೆಗೇ ವಾಪಸ್ಸು ಬರುತ್ತೇನೆ. ಗಂಗಮ್ಮ ಅಭ್ಯಾಸಬಲದಿಂದ ಬೇಸಿನ್ನಿನ ಕಡೆ ಬಗ್ಗಿ, “ಬಂಗಾರೀ...” ಅಂದರು. ಅಲ್ಲಿಗೇ ನಿಲ್ಲಿಸಿದರು. ನೆಟ್ಟಗೆ ನಿಂತು, ಮಗನ ಕಡೆ ತಿರುಗಿ, “ಟೀ ಕುಡೀತೀಯೇನ್ಲಾ?” ಅಂದರು.

“ಹೂಂ ಕಣಮ್ಮ. ಸಕ್ರೆ ಕಮ್ಮಿ ಹಾಕು.”

“ಯಾಕ್ಲಾ, ಸಕ್ರೆ ಕಾಯ್ಲೆ ಬಂದೈತಾ? ಯಾವಾಗ್ಲಾ ಬಂತು? ನಂಗೆ ಹೇಳ್ಬಾರ್ದಾ?”

“ಹೋದ್ವರ್ಸ ಕಣಮ್ಮ. ಹಲ್ಲಿಗೆ ಹೇಳಿ ಕಳ್ಸೋ ಮಾತಾ ಅದು?”

ಹಾಗೆ ಬೈದಾಡಿಕೊಳ್ಳುತ್ತ ಇಬ್ಬರೂ ಅಡುಗೆಮನೆಗೆ ಹೋದರು. ಹಸುವಿನ ಮಾತೂ ಬಂತು, ಗಂಗಮ್ಮನ ದನಿ ಏರಿತು, ಆಮೇಲೆ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. ನಾನು ಬಂಗಾರಿಯನ್ನು ಒರೆಸಿ ಪೇಪರಿನ ಮೇಲೆ ಬಿಟ್ಟು, ಬೇಸಿನ್ ತೊಳೆದು, ಕೈ ತೊಳೆದುಕೊಂಡು ಸ್ವಲ್ಪ ಹೊತ್ತು ಕಾದೆ. ನನಗೆ ಟೀ ಬರಲಿಲ್ಲ. ನಾನು ಅಲ್ಲಿರುವುದನ್ನೇ ಅವರು ಮರೆತಿದ್ದರು. ಮೂವತ್ತು ವರ್ಷದಲ್ಲಿ ಟೀ ಕೊಡದೆ ಕಳಿಸಿದ ಮನೆ ಅದೊಂದೇ. ಅಷ್ಟು ಸಂತೋಷದಿಂದ ನಾನು ಹೊರಬಂದ ಮನೆಯೂ ಅದೊಂದೇ.